ಪಿಂಟೋ ಶೇಂಗಾ ನೆಲಹಾಸು: ಹಳದಿಯಾದಾಗ, ಬೋಳಾದಾಗ, ಹೂ ನಿಂತಾಗ ಕಾರಣ ಪತ್ತೆ ಮಾಡುವ ಕ್ರಮ

ಹುಲ್ಲುಹಾಸಿನ ಬದಲು ಅಂಗಳದಲ್ಲಿ ಹಬ್ಬಿಸುವ ಪಿಂಟೋ ಶೇಂಗಾ, ಒಮ್ಮೆ ನೆಲ ಹಿಡಿದ ಮೇಲೆ ಹೆಚ್ಚು ಆರೈಕೆ ಬೇಡದ ಗಿಡವೆಂದು ಹೆಸರಾಗಿದೆ, ಆ ಹೆಸರಿಗೆ ಅರ್ಹವೂ ಆಗಿದೆ. ಆದರೆ ಹಾಸು ಎಲ್ಲೋ ಒಂದು ಕಡೆ ಹಳದಿಗೆ ತಿರುಗಿದಾಗ ಅಥವಾ ನಡುವೆ ಬೋಳು ಬಿದ್ದಾಗ, ಗಿಡವನ್ನು ಸರಿಯಾಗಿ ನೋಡುವ ಮೊದಲೇ ಕೈಗೆ ಸಿಕ್ಕಿದ್ದನ್ನು ಸುರಿಯುವುದು ಬಹಳ ಮನೆಗಳಲ್ಲಿ ನಡೆಯುತ್ತದೆ: ಒಬ್ಬರು ಯೂರಿಯಾ ಎರಚುತ್ತಾರೆ, ಇನ್ನೊಬ್ಬರು ಶಿಲೀಂಧ್ರನಾಶಕ ಸಿಂಪಡಿಸುತ್ತಾರೆ, ಮತ್ತೊಬ್ಬರು ದಿನಕ್ಕೆರಡು ಹೊತ್ತು ನೀರು ಬಿಡುತ್ತಾರೆ. ಈ ಮೂರೂ ಈ ಗಿಡದ ಮಟ್ಟಿಗೆ ಹೆಚ್ಚಿನ ಸಲ ತಪ್ಪು ಮದ್ದುಗಳು. ಇದರ ತೊಂದರೆಗಳು ಎಲೆಯಲ್ಲಿ ಕಂಡರೂ ಹುಟ್ಟುವುದು ಬಹುಪಾಲು ಮಣ್ಣಿನಲ್ಲಿ, ಬೇರಿನಲ್ಲಿ ಅಥವಾ ನೆಲಕ್ಕೆ ತಾಗಿರುವ ಕಾಂಡದಲ್ಲಿ. ಆದ್ದರಿಂದ ಒಂದು ಹಿಡಿ ಹಾಸನ್ನು ಬೇರುಸಹಿತ ಎತ್ತಿ ನೋಡದೆ ಯಾವ ಮದ್ದನ್ನೂ ಕೊಡಬಾರದು ಎಂಬುದನ್ನು ಈ ಕೈಪಿಡಿಯ ಮೂಲ ನಿಯಮವೆಂದು ಇಟ್ಟುಕೊಳ್ಳಬೇಕು.

ಗಿಡ ಅದೇ ಹೌದೇ?

ಪರಿಶೀಲನೆ ಇಲ್ಲಿಂದಲೇ ಶುರುವಾಗಬೇಕು, ಏಕೆಂದರೆ ಹಳದಿ ಹೂವಿನ ನೆಲಹೊದಿಕೆ ಎಂದು ಕೇಳಿದರೆ ಕೆಲವು ನರ್ಸರಿಗಳಲ್ಲಿ ವೆಡೇಲಿಯಾ ಕೊಟ್ಟು ಕಳಿಸುತ್ತಾರೆ. ವೆಡೇಲಿಯಾದ ಎಲೆ ದಪ್ಪವಾಗಿ, ಹೊಳೆಯುತ್ತ, ಮೂರು ಮೊನೆಗಳಾಗಿ ಸೀಳಿರುತ್ತದೆ. ಹೂ ಪುಟ್ಟ ಸೂರ್ಯಕಾಂತಿಯ ಆಕಾರದ್ದು. ಪಿಂಟೋ ಶೇಂಗಾದ ಒಂದೊಂದು ಎಲೆಯಲ್ಲಿಯೂ ಎರಡು ಜೋಡಿ, ಅಂದರೆ ನಾಲ್ಕು ಕಿರುಎಲೆಗಳಿರುತ್ತವೆ. ಹೂ ನಾವು ಹೊಲದಲ್ಲಿ ನೋಡುವ ಕಡಲೆಕಾಯಿ ಗಿಡದ ಹೂವನ್ನೇ ಹೋಲುತ್ತದೆ. ವೆಡೇಲಿಯಾ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವ ಗಿಡ. ಮನೆಯಲ್ಲಿರುವುದು ಅದೇ ಎಂದು ಗೊತ್ತಾದರೆ ಅದನ್ನು ಬೇಲಿಯಾಚೆಗೆ ಹಬ್ಬಲು ಬಿಡಬಾರದು, ಮತ್ತು ಇಲ್ಲಿ ಹೇಳುವ ಲಕ್ಷಣಗಳನ್ನು ಅದಕ್ಕೆ ಅನ್ವಯಿಸಬಾರದು. ಮಳೆಗಾಲದಲ್ಲಿ ಹಾಸಿನ ನಡುವೆ ಏಳುವ ತಗಚೆ ಸಸಿಯನ್ನೂ ಕೆಲವರು ಇದರದೇ ಚಿಗುರೆಂದು ಬಿಡುತ್ತಾರೆ. ಅದರಲ್ಲಿ ಕಿರುಎಲೆಗಳು ಸಾಮಾನ್ಯವಾಗಿ ಮೂರು ಜೋಡಿ, ಕಾಂಡ ನೆಟ್ಟಗೆ ಮೇಲೇಳುತ್ತದೆ.

ಗಿಡದ ಹುಟ್ಟೂರನ್ನು ತಿಳಿದುಕೊಂಡರೆ ಅರ್ಧ ರೋಗನಿರ್ಣಯ ಮುಗಿದಂತೆ. ಪಿಂಟೋ ಶೇಂಗಾ ಬ್ರೆಜಿಲ್‌ನದು. 1954ರಲ್ಲಿ ಬಹಿಯಾ ರಾಜ್ಯದ ಜೆಕಿಟಿನ್ಯೋನ್ಯಾ ನದಿಯ ಬಳಿ ಇದನ್ನು ಮೊದಲು ಸಂಗ್ರಹಿಸಿದ ಪಿಂಟೋ ಎಂಬ ಸಸ್ಯವಿಜ್ಞಾನಿಯ ಹೆಸರೇ ಗಿಡಕ್ಕೆ ನಿಂತಿದೆ. ಸಸ್ಯಶಾಸ್ತ್ರದ ಪ್ರಕಾರ ಅದನ್ನು ವಿಧಿವತ್ತಾಗಿ ವರ್ಣಿಸಿ ಹೆಸರಿಟ್ಟದ್ದು 1994ರಲ್ಲಿ. ಆ ನಡುವೆಯೇ, 1987ರಲ್ಲಿ, ಆಸ್ಟ್ರೇಲಿಯಾದಲ್ಲಿ ‘ಅಮರಿಲ್ಲೋ’ ಎಂಬ ತಳಿ ಮೇವಿಗಾಗಿ ಬಿಡುಗಡೆಯಾಗಿತ್ತು. ಒಳ್ಳೆಯ ಮಳೆ ಬೀಳುವ, ಹುಳಿ ಗುಣದ, ಸತ್ವ ಕಡಿಮೆಯಿರುವ ಮಣ್ಣು ಇದಕ್ಕೆ ಒಗ್ಗುತ್ತದೆ. ಹಾಗಾಗಿ ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿಯೂ ಬೆಂಗಳೂರು, ಮೈಸೂರು ಕಡೆಯ ಕೆಂಪು ಮಣ್ಣಿನಲ್ಲಿಯೂ ಇದು ಸಲೀಸಾಗಿ ಹಬ್ಬಿದರೆ, ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಸುಣ್ಣ ತುಂಬಿದ ಎರೆಭೂಮಿಯಲ್ಲಿ ಹಳದಿಯಾಗಿ ಸೊರಗುತ್ತದೆ. ಇಂಥ ನೆಲದಲ್ಲಿ ಗಿಡದಲ್ಲಿ ರೋಗ ಹುಡುಕುವುದಕ್ಕಿಂತ ಮಣ್ಣನ್ನು ವಿಚಾರಿಸುವುದು ಸರಿಯಾದ ದಾರಿ.

ದೋಷವಲ್ಲದ ಲಕ್ಷಣಗಳು

ಸಂಜೆಯಾದೊಡನೆ ಕಿರುಎಲೆಗಳು ಜೋಡಿಜೋಡಿಯಾಗಿ ಮಡಚಿಕೊಂಡು ಇಡೀ ಹಾಸು ಬಾಡಿದಂತೆ ಕಾಣುವುದು ಈ ಜಾತಿಯ ಗಿಡಗಳ ದಿನಚರಿ. ಕೆಲಸದಿಂದ ರಾತ್ರಿ ಮನೆಗೆ ಬಂದು ಟಾರ್ಚ್ ಬೆಳಕಿನಲ್ಲಿ ನೋಡುವವರು ಇದನ್ನು ನೀರಿನ ಕೊರತೆಯೆಂದು ತಿಳಿದು ದಿನವೂ ನೀರು ಹಾಯಿಸುತ್ತಾರೆ. ಕೆಲವೇ ವಾರಗಳಲ್ಲಿ ನಿಜವಾದ ರೋಗಕ್ಕೆ ದಾರಿಯಾಗುತ್ತದೆ. ಬಾಡಿದೆಯೇ ಎಂಬುದನ್ನು ಬೆಳಿಗ್ಗೆ ಎಂಟು ಒಂಬತ್ತು ಗಂಟೆಯ ಹೊತ್ತಿಗೆ ನೋಡಬೇಕು. ಆಗಲೂ ಎಲೆ ಮಡಚಿಕೊಂಡೇ ಇದ್ದರೆ ಚಿಂತಿಸಲು ಕಾರಣವಿದೆ.

ಹೂವಿನ ವಿಷಯವೂ ಹೀಗೆಯೇ. ಒಂದು ಹೂವಿನ ಆಯುಸ್ಸು ಒಂದೇ ದಿನ. ಬೆಳಿಗ್ಗೆ ಅರಳಿದ್ದು ಬಿಸಿಲೇರಿದ ಮೇಲೆ ಮುದುಡುತ್ತದೆ. ಸಂಜೆ ಮಾತ್ರ ತೋಟ ನೋಡುವವರಿಗೆ ಹೂವೇ ಬಿಡದ ಹಾಸಿನಂತೆ ಕಂಡರೆ ಆಶ್ಚರ್ಯವಿಲ್ಲ. ಒಂದು ಹೂವನ್ನು ಮೆಲ್ಲಗೆ ಎಳೆದು ನೋಡಿ: ಕೈಗೆ ಬರುವ ಬೆಳ್ಳಗಿನ ಉದ್ದನೆಯ ಎಳೆ ತೊಟ್ಟಿನಂತೆ ಕಂಡರೂ ಅದು ಹೂವಿನದೇ ಕೊಳವೆ. ಅಂಡಾಶಯ ಕೆಳಗೆ ಎಲೆಯ ಕಂಕುಳಿನಲ್ಲಿಯೇ ಉಳಿದಿರುತ್ತದೆ, ಮತ್ತು ಪರಾಗಸ್ಪರ್ಶವಾದ ಮೇಲೆ ಅದರ ಬುಡ ಸೂಜಿಯ ಹಾಗೆ ಉದ್ದವಾಗಿ ಬೆಳೆದು ಮಣ್ಣಿಗಿಳಿಯುತ್ತದೆ. ಬುಡದಲ್ಲಿ ಕಾಣುವ ಈ ಸೂಜಿಗಳನ್ನು ಹುಳುವಿನ ಕೆಲಸವೆಂದು ತಿಳಿದು ಕತ್ತರಿಸಬೇಕಾಗಿಲ್ಲ.

ಹೊಸದಾಗಿ ನೆಟ್ಟ ತುಂಡುಗಳು ಮೊದಲ ಎರಡು ಮೂರು ತಿಂಗಳು ನಿಂತಲ್ಲೇ ನಿಂತಂತೆ ಕಾಣುವುದೂ ಸಹಜ. ಈ ಗಿಡ ಮೊದಲು ಬೇರಿಗೆ ಶಕ್ತಿ ಹಾಕುತ್ತದೆ, ಆಮೇಲೆ ಹಂಬು ಚಾಚುತ್ತದೆ. ಜೂನ್, ಜುಲೈಯಲ್ಲಿ ಮೂರು ನಾಲ್ಕು ಗೆಣ್ಣಿನ ತುಂಡುಗಳನ್ನು 20-25 ಸೆಂ.ಮೀ. ಅಂತರದಲ್ಲಿ, ಎರಡು ಗೆಣ್ಣು ಮಣ್ಣಿನೊಳಗೆ ಇರುವಂತೆ ನೆಟ್ಟಿದ್ದರೆ ತಾಳ್ಮೆಯಿಂದ ಕಾಯುವುದೇ ಸರಿ. ಈ ಅವಧಿಯಲ್ಲಿ ಗಿಡಕ್ಕಿರುವ ನಿಜವಾದ ಶತ್ರು ಕಳೆ. ಜೇಕು ಮತ್ತು ಗರಿಕೆಯನ್ನು ಗಡ್ಡೆ, ಬೇರು ಸಮೇತ ತೆಗೆಯದಿದ್ದರೆ, ಗೊಬ್ಬರ ಎಷ್ಟು ಹಾಕಿದರೂ ಲಾಭವೆಲ್ಲ ಅವುಗಳ ಪಾಲಾಗುತ್ತದೆ.

ಒಂದು ಹಿಡಿ ಎತ್ತಿ ನೋಡುವ ಕ್ರಮ

ಕೆಟ್ಟ ಭಾಗದ ನಟ್ಟನಡುವೆ ಅಗೆಯುವುದರಿಂದ ಹೆಚ್ಚು ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲವೂ ಸತ್ತಿರುತ್ತದೆ ಮತ್ತು ಸತ್ತದ್ದನ್ನು ತಿನ್ನಲು ಬಂದ ಹತ್ತು ಬಗೆಯ ಹುಳ, ಬೂಷ್ಟುಗಳು ದಾರಿ ತಪ್ಪಿಸುತ್ತವೆ. ಹಸಿರು ಮತ್ತು ಹಳದಿ ಸೇರುವ ಅಂಚಿನಲ್ಲಿ, ಚಿಕ್ಕ ಕುರ್ಚಿಗೆಯಿಂದ ಒಂದು ಗೇಣು ಅಗಲ, ಅಷ್ಟೇ ಆಳದ ಹೆಂಟೆಯನ್ನು ಎತ್ತಬೇಕು. ಪೂರ್ತಿ ಆರೋಗ್ಯವಾಗಿರುವ ಕಡೆಯಿಂದಲೂ ಅಂಥದೇ ಇನ್ನೊಂದು ಹೆಂಟೆ ಎತ್ತಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಬಕೆಟ್ ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಿ ಹೋಲಿಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಬೇರು ಬಿಳಿ ಅಥವಾ ತಿಳಿಕಂದು ಬಣ್ಣದಲ್ಲಿ ಗಟ್ಟಿಯಾಗಿದೆಯೇ, ಕಪ್ಪಾಗಿ ಜಾರುತ್ತಿದೆಯೇ, ಅಥವಾ ಕಚ್ಚಿ ತುಂಡರಿಸಿದಂತಿದೆಯೇ. ಕಾಂಡದ ಬುಡದಲ್ಲಿ ಬಿಳಿ ಎಳೆಗಳಿವೆಯೇ. ಮಣ್ಣಿನಿಂದ ಹುಳಿತ ವಾಸನೆ ಬರುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಮುಂದಿನ ದಾರಿ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ಬೇರಿನ ಮೇಲೆ ಸಣ್ಣ ಗುಂಡುಗಳು ಕಂಡರೆ ಗಾಬರಿಯಾಗಬೇಕಾಗಿಲ್ಲ. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಬ್ಯಾಕ್ಟೀರಿಯಾಗಳು ವಾಸಿಸುವ ಗಂಟುಗಳವು. ಉಗುರಿನಿಂದ ಒತ್ತಿದರೆ ಅವು ಬೇರಿನಿಂದ ಕಳಚಿಕೊಳ್ಳುತ್ತವೆ. ಬೇರನ್ನು ಕಾಡುವ ಜಂತುಹುಳುವಿನಿಂದ (ನೆಮಟೋಡ್) ಆದ ಗಂಟಾದರೆ ಬೇರೇ ಊದಿಕೊಂಡಿರುವುದರಿಂದ ಬೇರ್ಪಡುವುದಿಲ್ಲ. ಕಳಚಿದ ಗುಂಡನ್ನು ಬ್ಲೇಡಿನಿಂದ ಸೀಳಿದಾಗ ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣವಿದ್ದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ಬಿಳಿಚಿಕೊಂಡಿದ್ದರೆ ಅಥವಾ ಹಸಿರಾಗಿದ್ದರೆ ಸಾರಜನಕ ಒದಗುತ್ತಿಲ್ಲ. ಒಂದು ನಿಮಿಷದ ಈ ಪರೀಕ್ಷೆಯಿಂದ ಯೂರಿಯಾದ ಪ್ರಶ್ನೆ ಅಲ್ಲಿಗೇ ಇತ್ಯರ್ಥವಾಗುತ್ತದೆ.

ಹಳದಿ: ಯಾವ ಎಲೆ, ಎಂಥ ಹಳದಿ?

ಹಂಬಿನ ತುದಿಯ ಎಳೆ ಎಲೆಗಳು ಮೊದಲು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದು, ಕ್ರಮೇಣ ಎಲೆ ಬಹುತೇಕ ಬೆಳ್ಳಗಾಗುತ್ತ ಬಂದರೆ ಅದು ಕಬ್ಬಿಣದ ಕೊರತೆ. ಎರೆಭೂಮಿಯಲ್ಲಿ ಶೇಂಗಾ ಬೆಳೆಯುವ ರೈತರಿಗೆ ಈ ನೋಟ ಚೆನ್ನಾಗಿ ಪರಿಚಿತ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಆದರೆ ಸುಣ್ಣದಿಂದಾಗಿ ಬೇರಿಗೆ ದಕ್ಕದ ರೂಪದಲ್ಲಿ ಇರುತ್ತದೆ. ಮನೆಯಂಗಳದಲ್ಲಿ ಇದಕ್ಕೆ ಇನ್ನೂ ಎರಡು ಮೂಲಗಳಿವೆ. ಮೊದಲನೆಯದು ಕಟ್ಟಡದ ಕಸ: ಮನೆ ಕಟ್ಟುವಾಗ ಗೋಡೆಯ ಬುಡಕ್ಕೆ ಬಿದ್ದ ಸಿಮೆಂಟ್, ಸುಣ್ಣ, ಗಾರೆಯ ಚೂರುಗಳ ಮೇಲೆ ಒಂದು ಪದರ ಕೆಂಪು ಮಣ್ಣು ಹರಡಿ ತೋಟ ಮಾಡಿರುತ್ತಾರೆ. ಹಳದಿ ಪಟ್ಟಿ ಗೋಡೆಯ ಗುಂಟ ಒಂದೂವರೆ ಎರಡು ಅಡಿ ಅಗಲಕ್ಕೆ ಓಡುತ್ತಿದ್ದು, ನಡುವಿನ ಹಾಸು ಹಸಿರಾಗಿಯೇ ಇದ್ದರೆ ಬಹುತೇಕ ಇದೇ ಕಾರಣ. ಎರಡನೆಯದು ಗಡಸು ಬೋರ್‌ವೆಲ್ ನೀರು. ನಲ್ಲಿಯ ಬಾಯಲ್ಲಿ, ಕೊಡದ ತಳದಲ್ಲಿ ಬಿಳಿ ಪೊರೆ ಕಟ್ಟುವ ನೀರನ್ನೇ ವರ್ಷಗಟ್ಟಲೆ ಹಾಯಿಸಿದರೆ ಕೆಂಪು ಮಣ್ಣೂ ನಿಧಾನವಾಗಿ ಕ್ಷಾರದ ಕಡೆಗೆ ಸರಿಯುತ್ತದೆ.

ಖಚಿತಪಡಿಸಿಕೊಳ್ಳಲು ಒಂದು ಚಮಚ ಒಣ ಮಣ್ಣಿನ ಮೇಲೆ ನಿಂಬೆರಸ ಅಥವಾ ವಿನೆಗರ್ ಹಾಕಬೇಕು. ಸುಯ್ಯೆಂದು ನೊರೆ ಬಂದರೆ ಸುಣ್ಣ ಇದೆ. ನೊರೆ ಬರಲಿಲ್ಲವೆಂದ ಮಾತ್ರಕ್ಕೆ ಮಣ್ಣು ಕ್ಷಾರವಾಗಿಲ್ಲ ಎನ್ನಲಾಗದು; ಆಗ ಮಣ್ಣಿನ ಪಿಎಚ್ ಅಳೆಯಿಸಿ ನೋಡಬೇಕು. ಇದಕ್ಕಿಂತಲೂ ನಂಬಲರ್ಹವಾದದ್ದು ಸಿಂಪರಣೆಯ ಪರೀಕ್ಷೆ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಮತ್ತು 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಬೆರೆಸಿ, ಹಳದಿ ಭಾಗದಲ್ಲಿ ಒಂದು ಚದರ ಮೀಟರಿಗೆ ಮಾತ್ರ, ಸಂಜೆಯ ಹೊತ್ತು ಎಲೆ ತೊಯ್ಯುವಂತೆ ಸಿಂಪಡಿಸಿ, ಪಕ್ಕದ ಅಷ್ಟೇ ಜಾಗವನ್ನು ಹಾಗೆಯೇ ಬಿಡಬೇಕು. ಕಾರಣ ಕಬ್ಬಿಣವೇ ಆಗಿದ್ದರೆ ಒಂದು ವಾರ ಹತ್ತು ದಿನದೊಳಗೆ ಹನಿ ಬಿದ್ದ ಕಡೆಯೆಲ್ಲ ಹಳದಿ ಎಲೆಯ ಮೇಲೆ ಹಸಿರು ಚುಕ್ಕೆಗಳು ಮೂಡುತ್ತವೆ, ಹನಿ ತಾಗದ ಜಾಗ ಹಳದಿಯಾಗಿಯೇ ಉಳಿಯುತ್ತದೆ. ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ. ದ್ರಾವಣವನ್ನು ಆಗಿಂದಾಗ್ಗೆ ತಯಾರಿಸಿಕೊಳ್ಳಬೇಕು, ಇಟ್ಟು ಕಂದು ಬಣ್ಣಕ್ಕೆ ತಿರುಗಿದ್ದನ್ನು ಚೆಲ್ಲಬೇಕು. ಟೈಲ್ಸ್ ಅಥವಾ ಕಲ್ಲುಹಾಸಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಅಳಿಸಿಹೋಗುವುದಿಲ್ಲವಾದ್ದರಿಂದ ಅಂಚುಗಳಲ್ಲಿ ಎಚ್ಚರವಿರಲಿ.

ಸಿಂಪರಣೆ ತಾತ್ಕಾಲಿಕ ಪರಿಹಾರ. ಹೊಸದಾಗಿ ಬರುವ ಎಲೆ ಮತ್ತೆ ಹಳದಿಯಾಗಿಯೇ ಬರುತ್ತದೆ. ಗೋಡೆಯ ಬುಡದ ಸಮಸ್ಯೆಯಾದರೆ ಒಂದು ಅಡಿ ಆಳಕ್ಕೆ ಕಸದ ಮಣ್ಣನ್ನು ತೆಗೆದು ಹೊಸ ಕೆಂಪು ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ ತುಂಬುವುದೇ ಶಾಶ್ವತ ಉಪಾಯ, ಮತ್ತು ಒಂದು ದಿನದ ಈ ಶ್ರಮಕ್ಕೆ ಹಿಂಜರಿಯಬಾರದು. ನೀರಿನಿಂದ ಬಂದದ್ದಾದರೆ ಚಾವಣಿಯ ಮಳೆನೀರನ್ನು ಈ ಹಾಸಿಗೆ ತಿರುಗಿಸಬಹುದು. ಅಂಗಡಿಯಲ್ಲಿ ಕಬ್ಬಿಣದ ಚಿಲೇಟ್ ಕೊಳ್ಳುವವರು ಪೊಟ್ಟಣದ ಮೇಲೆ ಬರೆದದ್ದನ್ನು ಓದಿ ಕೊಳ್ಳಬೇಕು: ಇಡಿಟಿಎ ರೂಪ ಸುಣ್ಣದ ಮಣ್ಣಿನಲ್ಲಿ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಇಡಿಡಿಎಚ್‌ಎ ರೂಪ ಅಲ್ಲಿಯೂ ಕೆಲಸ ಮಾಡುತ್ತದೆ. ಇನ್ನೊಂದು ಮಾತು. ಸುಣ್ಣದ ಮಣ್ಣು ಹಸಿಯಾಗಿದ್ದಷ್ಟೂ ಈ ಹಳದಿ ಹೆಚ್ಚುತ್ತದೆ. ಹೀಗಾಗಿ ಹಳದಿ ಕಂಡೊಡನೆ ನೀರು ಹೆಚ್ಚಿಸುವವರು ತೊಂದರೆಯನ್ನು ತಾವೇ ಬೆಳೆಸುತ್ತಾರೆ.

ಹಳದಿ ಹಂಬಿನ ಹಿಂಭಾಗದ ಹಳೆಯ ಎಲೆಗಳಿಂದ ಶುರುವಾಗಿದ್ದರೆ ಕಥೆ ಬೇರೆ. ಎಲೆ ಇಡೀ ಒಂದೇ ಸಮನೆ ಮಾಸಲು ಹಳದಿಯಾಗಿ, ಎತ್ತಿದ ಹೆಂಟೆಯಲ್ಲಿ ಬೇರು ಕಪ್ಪಾಗಿ, ಮಣ್ಣು ಹುಳಿತು ನಾರುತ್ತಿದ್ದರೆ ನೀರು ನಿಂತಿದೆ. ಪಿಂಟೋ ಶೇಂಗಾ ಕೆಲ ದಿನ ನಿಲ್ಲುವ ನೀರನ್ನು ಸಹಿಸುತ್ತದೆ, ಆದರೆ ಜಿಗಟು ಮಣ್ಣಿನಲ್ಲಿ ವಾರಗಟ್ಟಲೆ ನಿಂತರೆ ಸಹಿಸದು. ಪಕ್ಕದಲ್ಲಿ ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ಬಿಡಬೇಕು. ಎರಡನೆಯ ಸಲದ ನೀರು ಮರುದಿನ ಬೆಳಿಗ್ಗೆಯೂ ನಿಂತಿದ್ದರೆ ಬಸಿಗಾಲುವೆ ತೆಗೆಯದೆ, ಅಥವಾ ಪಾತಿಯನ್ನು ಅರ್ಧ ಅಡಿ ಎತ್ತರಿಸದೆ ಬೇರೆ ದಾರಿಯಿಲ್ಲ. ಬೇರು ಆರೋಗ್ಯವಾಗಿದ್ದೂ ಗಂಟುಗಳಿಲ್ಲದಿದ್ದರೆ, ಅಥವಾ ಇರುವ ಗಂಟುಗಳು ಒಳಗೆ ಬಿಳಿಚಿದ್ದರೆ, ಅದು ಸಾರಜನಕದ ಕೊರತೆ. ಹೊಸ ಬಡಾವಣೆಯ ಅಗೆದು ಹಾಕಿದ ತಳಮಣ್ಣಿನಲ್ಲಿ ಸೂಕ್ತ ಬ್ಯಾಕ್ಟೀರಿಯಾ ಇಲ್ಲದೆ ಹೀಗಾಗುತ್ತದೆ. ಹಳೆಯ, ರೋಗವಿಲ್ಲದ ಪಿಂಟೋ ಹಾಸಿನ ಬುಡದಿಂದ ಒಂದು ಬುಟ್ಟಿ ಮಣ್ಣು ತಂದು ಎರೆಗೊಬ್ಬರದೊಂದಿಗೆ ಬೆರೆಸಿ ಹರಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಯೂರಿಯಾ ಕೊಟ್ಟರೆ ತಕ್ಷಣ ಹಸಿರಾಗುವುದು ನಿಜವೇ, ಆದರೆ ಹೊರಗಿನಿಂದ ಸಾರಜನಕ ಸಿಕ್ಕಷ್ಟೂ ಗಿಡ ಗಂಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ, ಕಳೆಯಂತೂ ಅದರಿಂದ ಸೊಕ್ಕುತ್ತದೆ. ಕರಾವಳಿಯ ಭಾರೀ ಮಳೆಯಲ್ಲಿ ಹಳೆಯ ಎಲೆಗಳ ನರಗಳ ನಡುವೆ ಮಾತ್ರ ಹಳದಿ ಕಂಡರೆ ಅದು ಮೆಗ್ನೀಸಿಯಂ ಕೊರತೆಯಾಗಿರುವ ಸಾಧ್ಯತೆ ಹೆಚ್ಚು. ಲೀಟರಿಗೆ 10 ಗ್ರಾಂ ಎಪ್ಸಮ್ ಉಪ್ಪಿನ ಸಿಂಪರಣೆ ಸಾಕು.

ಫೆಬ್ರವರಿಯಿಂದ ಮೇವರೆಗಿನ ಒಣಹವೆಯಲ್ಲಿ, ಅದರಲ್ಲಿಯೂ ಬಿಸಿಲಿಗೆ ಕಾಯುವ ಗೋಡೆ ಮತ್ತು ಕಾಂಕ್ರೀಟಿನ ಪಕ್ಕದಲ್ಲಿ, ಎಲೆಯ ತುಂಬ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಬಂದು ದೂರಕ್ಕೆ ಹಾಸು ಬೂದಿ ಬಡಿದಂತೆ ಕಂಡರೆ ಅದು ಕೆಂಪು ನುಸಿ. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಹಂಬನ್ನು ತಟ್ಟಿದರೆ ಧೂಳಿನ ಕಣಗಳಂತೆ ಬಿದ್ದವು ನಿಧಾನವಾಗಿ ನಡೆಯತೊಡಗುತ್ತವೆ. ಬೆರಳಿನಿಂದ ಒರೆಸಿದರೆ ಕಾಗದದ ಮೇಲೆ ಕೆಂಪು ಗೀರು ಮೂಡುತ್ತದೆ. ಸಾಮಾನ್ಯ ಕೀಟನಾಶಕ ಇಲ್ಲಿ ಕೇಡನ್ನೇ ಮಾಡುತ್ತದೆ, ಏಕೆಂದರೆ ನುಸಿಯನ್ನು ತಿನ್ನುವ ಜೀವಿಗಳೇ ಅದಕ್ಕೆ ಮೊದಲು ಬಲಿಯಾಗುತ್ತವೆ. ಕೆಲವು ದಿನ ಬೆಳಿಗ್ಗೆ ಪೈಪಿನ ನೀರನ್ನು ಎಲೆಯ ಅಡಿಗೆ ಬೀಳುವಂತೆ ರಭಸವಾಗಿ ಹಾಯಿಸುವುದು, ಅದಕ್ಕೂ ಬಗ್ಗದಿದ್ದರೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಿನೊಂದಿಗೆ ಸಿಂಪಡಿಸುವುದು ಸೂಕ್ತ. ಲೀಟರಿಗೆ 3 ಗ್ರಾಂ ನೀರಿನಲ್ಲಿ ಕರಗುವ ಗಂಧಕವೂ ಪರಿಣಾಮಕಾರಿ. ಆದರೆ ಸುಡುಬಿಸಿಲಿನಲ್ಲಿ ಮತ್ತು ಎಣ್ಣೆ ಸಿಂಪಡಿಸಿದ ಎರಡು ವಾರದೊಳಗೆ ಅದನ್ನು ಬಳಸಿದರೆ ಎಲೆ ಸುಡುತ್ತದೆ.

ಕಡು ಹಸಿರು ಮತ್ತು ತಿಳಿ ಹಸಿರು ತೇಪೆತೇಪೆಯಾಗಿ, ನರಗಳ ಕ್ರಮಕ್ಕೆ ಒಳಪಡದೆ ಹರಡಿದ್ದರೆ ಅದು ನಂಜುರೋಗ. ಅದಕ್ಕೆ ಮದ್ದಿಲ್ಲ. ಆ ಹಂಬುಗಳನ್ನು ಕಿತ್ತು ಹಾಕಬೇಕು, ಅವುಗಳಿಂದ ನಾಟಿಗೆ ತುಂಡು ತೆಗೆಯಲೇಬಾರದು. ಇನ್ನು ಮಳೆಗಾಲದಲ್ಲಿ ಅಲ್ಲೊಂದು ಇಲ್ಲೊಂದು ಎಲೆಯ ಮೇಲೆ ಬರುವ ಕಂದು ಚುಕ್ಕೆಗೆ ಔಷಧಿ ಬೇಡ. ಶೇಂಗಾ ಬೆಳೆಯನ್ನು ಕಾಡುವ ಟಿಕ್ಕಾ ರೋಗ ಮತ್ತು ತುಕ್ಕು ರೋಗಕ್ಕೆ ಈ ಗಿಡದಲ್ಲಿ ಒಳ್ಳೆಯ ನಿರೋಧಕ ಶಕ್ತಿಯಿದೆ.

ಬೋಳು ಬಿದ್ದ ಜಾಗ

ಬೋಳಿನ ಕಾರಣಗಳಲ್ಲಿ ಬೇಗ ಕೈಹಾಕಬೇಕಾದದ್ದು ಬುಡಕೊಳೆ. ಬೇಸಿಗೆಯ ಕಾವಿನ ಮೇಲೆ ಮಳೆ ಬಿದ್ದ ದಿನಗಳಲ್ಲಿ, ಮಣ್ಣು ಹಸಿಯಿದ್ದೂ ಒಂದು ತಟ್ಟೆಯಗಲದಷ್ಟು ಹಾಸು ಇದ್ದಕ್ಕಿದ್ದಂತೆ ಬಾಡಿ, ಎಲೆಗಳು ಉದುರದೆ ಕಂದಾಗಿ ಅಂಟಿಕೊಂಡೇ ಉಳಿದು, ಆ ವೃತ್ತ ದಿನೇದಿನೇ ದೊಡ್ಡದಾಗುತ್ತಿದ್ದರೆ, ಬೆಳಿಗ್ಗೆ ಬೇಗ ಎದ್ದು ವೃತ್ತದ ಅಂಚಿನ ಎಲೆಗಳನ್ನು ಸರಿಸಿ ಬುಡ ನೋಡಬೇಕು. ಕಾಂಡ ನೆಲಕ್ಕೆ ತಾಗುವಲ್ಲಿ ರೇಷ್ಮೆಯೆಳೆಯಂತಹ ಬಿಳಿ ಬೂಷ್ಟು ಬೀಸಣಿಗೆಯಾಕಾರದಲ್ಲಿ ಹರಡಿರುತ್ತದೆ. ಅದರ ನಡುವೆ ಸಾಸಿವೆ ಗಾತ್ರದ, ಮೊದಲು ಬಿಳಿಯಾಗಿದ್ದು ಆಮೇಲೆ ಕಂದಾಗುವ ಗುಂಡು ಕಾಳುಗಳಿದ್ದರೆ ಸಂಶಯವೇ ಬೇಡ: ಅದು ಸ್ಕ್ಲೆರೋಷಿಯಂ ಶಿಲೀಂಧ್ರ, ಶೇಂಗಾ ಹೊಲದಲ್ಲಿ ಬುಡಕೊಳೆ ತರುವುದೂ ಇದೇ. ಆ ಕಾಳುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಎಲೆಯ ಮೇಲೆ ಸಿಂಪಡಿಸಿದ ಔಷಧಿ ಅವುಗಳವರೆಗೆ ತಲುಪುವುದೇ ಇಲ್ಲ.

ಸತ್ತ ಭಾಗದ ಅಂಚಿನಿಂದ ಒಂದು ಗೇಣು ಆಚೆಯವರೆಗೆ, ಹಸಿರಾಗಿರುವ ಹಂಬನ್ನೂ ಸೇರಿಸಿ, ಮೇಲಿನ ಎರಡು ಮೂರು ಅಂಗುಲ ಮಣ್ಣಿನ ಸಮೇತ ತೆಗೆದು ಚೀಲಕ್ಕೆ ತುಂಬಬೇಕು. ಹಸಿರು ಹಂಬನ್ನು ಕಿತ್ತುಹಾಕಲು ಮನಸ್ಸು ಒಪ್ಪುವುದಿಲ್ಲ, ಆದರೆ ಇಲ್ಲಿ ಉಳಿಸಿದ ನಾಲ್ಕು ಹಂಬು ಮುಂದಿನ ತಿಂಗಳು ನಾಲ್ಕು ಅಡಿ ಹಾಸನ್ನು ಬಲಿ ತೆಗೆದುಕೊಳ್ಳುತ್ತದೆ. ತೆಗೆದದ್ದನ್ನು ಗೊಬ್ಬರದ ಗುಂಡಿಗೆ ಹಾಕಬಾರದು, ಕುರ್ಚಿಗೆಯನ್ನು ತೊಳೆಯದೆ ಬೇರೆಡೆ ಬಳಸಬಾರದು. ಒಂದು ಕಿಲೋ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 10-20 ಗ್ರಾಂ ಟ್ರೈಕೋಡರ್ಮಾ (ರೋಗಕಾರಕ ಶಿಲೀಂಧ್ರಗಳನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಬೆರೆಸಿ, ನೆರಳಿನಲ್ಲಿ ಒದ್ದೆ ಗೋಣಿ ಮುಚ್ಚಿ ವಾರ ಹತ್ತು ದಿನ ಇಟ್ಟು, ಅದು ಹಸಿರು ಬೂಷ್ಟು ಹಿಡಿದ ಮೇಲೆ ಆ ಜಾಗಕ್ಕೂ ಸುತ್ತಲಿನ ಹಾಸಿನ ಬುಡಕ್ಕೂ ಹರಡಬೇಕು. ಅದರ ಜೊತೆಗೆ ರಾಸಾಯನಿಕ ಶಿಲೀಂಧ್ರನಾಶಕ ಸುರಿದರೆ ಟ್ರೈಕೋಡರ್ಮಾವೂ ಸಾಯುತ್ತದೆ. ಈ ರೋಗಕ್ಕೆ ಕಳಿಯದ ಎಲೆ, ಕಸವೇ ಮೊದಲ ಆಹಾರವಾದ್ದರಿಂದ ಹಾಸಿನ ಮೇಲೆ ಹಸಿ ತರಗೆಲೆ ಮುಚ್ಚುವ ಅಭ್ಯಾಸವನ್ನು ಬಿಡಬೇಕು, ಸಂಜೆ ನೀರು ಹಾಯಿಸುವುದನ್ನು ಬೆಳಗಿಗೆ ಬದಲಾಯಿಸಬೇಕು.

ಬಾಡಿದ ಜಾಗದ ಹಂಬನ್ನು ಹಿಡಿದೆಳೆದಾಗ ಪ್ರತಿರೋಧವೇ ಇಲ್ಲದೆ ಚಾಪೆಯಂತೆ ಸುತ್ತಿ ಬಂದರೆ ಬೇರು ಉಳಿದಿಲ್ಲವೆಂದರ್ಥ. ಅರ್ಧ ಅಡಿ ಆಳದೊಳಗೆ ಹುಡುಕಿದರೆ ಕಂದು ತಲೆಯ, ಬಿಳಿ ಮೈಯ, ಬಾಗಿ ಮಲಗಿದ ಗೊಣ್ಣೆ ಹುಳು ಸಿಗುತ್ತದೆ. ಮೈನಾ, ಕಾಗೆಗಳು ಹಾಸಿನ ಒಂದೇ ಕಡೆ ಪದೇಪದೇ ಕೆದಕುತ್ತಿದ್ದರೆ ಅದೂ ಇದರದೇ ಸುಳಿವು. ಪೂರ್ತಿ ಕಳಿಯದ ಗೊಬ್ಬರದೊಡನೆ ಇದು ಅಂಗಳಕ್ಕೆ ಬರುತ್ತದೆ. ಚಿಕ್ಕ ತೋಟದಲ್ಲಿ ಕೈಯಿಂದ ಆರಿಸಿ ತೆಗೆಯುವುದೇ ಉತ್ತಮ. ಜಾಗ ದೊಡ್ಡದಿದ್ದರೆ ಜೂನ್, ಜುಲೈಯಲ್ಲಿ ಮೆಟಾರೈಜಿಯಂ ಎಂಬ, ಹುಳುಗಳನ್ನು ಕೊಲ್ಲುವ ಶಿಲೀಂಧ್ರ ಬೆರೆಸಿದ ಗೊಬ್ಬರವನ್ನು ಮಣ್ಣಿಗೆ ಸೇರಿಸಬಹುದು. ಗೆದ್ದಲು ಕಂಡರೆ ಅದನ್ನೇ ಅಪರಾಧಿಯೆಂದು ತೀರ್ಮಾನಿಸುವ ಮೊದಲು ಯೋಚಿಸಬೇಕು. ಹೆಚ್ಚಿನ ಸಲ ಅದು ಆಗಲೇ ಒಣಗಿದ್ದನ್ನು ತಿನ್ನಲು ಬಂದಿರುತ್ತದೆ. ರಾತ್ರೋರಾತ್ರಿ ಗುಂಡಿ ಬಿದ್ದು, ಸುತ್ತ ಕಚ್ಚಿದ ಸಣ್ಣ ಕಾಯಿಗಳ ಸಿಪ್ಪೆ ಚೆಲ್ಲಿದ್ದರೆ ಹೆಗ್ಗಣ ಶೇಂಗಾ ಹುಡುಕಿಕೊಂಡು ಬಂದಿದೆ. ಅದಕ್ಕೆ ಬಿಲ ಮುಚ್ಚುವುದು, ಬೋನು ಇಡುವುದು ಬಿಟ್ಟರೆ ತೋಟಗಾರಿಕೆಯ ಪರಿಹಾರವಿಲ್ಲ.

ರೋಗವಿಲ್ಲ, ಹುಳುವಿಲ್ಲ, ಆದರೂ ಮೂರು ನಾಲ್ಕು ವರ್ಷದ ಹಾಸು ನಡುವೆ ವಿರಳವಾಗುತ್ತ ಬಂದರೆ ಎಲೆಗಳನ್ನು ಬಿಡಿಸಿ ಪಕ್ಕದಿಂದ ನೋಡಬೇಕು. ಹಂಬಿನ ಮೇಲೆ ಹಂಬು ಹರಿದು, ಕೆಳಗಿನವು ಕಂದಾಗಿ ಒಣಗಿ, ಮೇಲಿನ ಹಂಬುಗಳ ಗೆಣ್ಣುಗಳು ಮಣ್ಣಿಗೆ ಎಟುಕದೆ ಮೂರು ನಾಲ್ಕು ಬೆರಳಿನೆತ್ತರದಲ್ಲಿ ನೇತಾಡುತ್ತಿರುತ್ತವೆ. ಬಿಡಬೇಕೆಂದಿದ್ದ ಬೇರಿನ ಮೊಳಕೆಗಳು ಗೆಣ್ಣಿನಲ್ಲಿಯೇ ಕಪ್ಪಾಗಿ ಒಣಗಿ ನಿಂತಿರುವುದೂ ಕಾಣುತ್ತದೆ. ಮಳೆ ಹಿಡಿದ ಮೇಲೆ ಇಡೀ ಹಾಸನ್ನು ಸುಮಾರು 5 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಒಣ ಹಂಬನ್ನು ಬಾಚಿ ತೆಗೆದು, ಎರಡು ಸೆಂ.ಮೀ. ದಪ್ಪಕ್ಕೆ ಮಣ್ಣು ಮತ್ತು ಎರೆಗೊಬ್ಬರದ ಮಿಶ್ರಣ ಎರಚಿ ಮೆಲ್ಲಗೆ ತುಳಿದರೆ, ಉಳಿದ ಗೆಣ್ಣುಗಳು ಬೇರು ಬಿಟ್ಟು ಹಾಸು ಹೊಸದಾಗುತ್ತದೆ.

ಹೂ ಇಲ್ಲ, ಎತ್ತರ ಮಾತ್ರ ಬೆಳೆದಿದೆ

ಹಾಸು ಹಸಿರಾಗಿ ಸೊಂಪಾಗಿದ್ದೂ ಹೂ ಬಿಡದಿದ್ದರೆ ಮೊದಲು ನೆರಳನ್ನೇ ಶಂಕಿಸಬೇಕು. ಬಿಸಿಲಿನಲ್ಲಿ ಒಂದು ಗೇಣಿಗಿಂತ ಕೆಳಗೆ ನೆಲಕ್ಕೆ ಒತ್ತಿಕೊಂಡು ಬೆಳೆಯುವ ಇದೇ ಗಿಡ, ಮಾವು ಅಥವಾ ಹಲಸಿನ ಮರದಡಿಯಲ್ಲಿ ಎಲೆತೊಟ್ಟು ಉದ್ದ ಮಾಡಿಕೊಂಡು, ಎಲೆಯನ್ನು ಅಗಲ ಮತ್ತು ತೆಳು ಮಾಡಿಕೊಂಡು ಮೇಲೇಳುತ್ತದೆ. ಬಿಸಿಲಿನ ಭಾಗದಿಂದ ಒಂದು, ಹೂವಿಲ್ಲದ ಭಾಗದಿಂದ ಒಂದು ಎಲೆ ಕಿತ್ತು ತೊಟ್ಟಿನ ಉದ್ದವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ನೆರಳಿನಲ್ಲಿ ಗಿಡ ಬದುಕುತ್ತದೆ, ನೆಲ ಮುಚ್ಚುತ್ತದೆ. ಹೂ ಬೇಕಾದರೆ ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೀಳುವಂತೆ ಮರದ ಕೆಳಕೊಂಬೆಗಳನ್ನು ಸವರಬೇಕು. ಬಿಸಿಲಿದ್ದೂ ಹೂವಿಲ್ಲದಿದ್ದರೆ ಇತ್ತೀಚೆಗೆ ಯೂರಿಯಾ ಅಥವಾ ಹಸಿ ಸಗಣಿನೀರು ಹೆಚ್ಚಾಗಿ ಹೋಗಿದೆಯೇ, ಪದೇಪದೇ ತೀರಾ ಗಿಡ್ಡವಾಗಿ ಕತ್ತರಿಸಲಾಗಿದೆಯೇ ಎಂದು ನೆನಪಿಸಿಕೊಳ್ಳಬೇಕು. ಕಡು ಬೇಸಿಗೆಯಲ್ಲಿ ಹೂ ಇಳಿಮುಖವಾಗಿ, ಮಳೆ ಬಿದ್ದ ಮೇಲೆ ಅಲೆಯಾಗಿ ಮರಳುವುದು ಈ ಗಿಡದ ಸ್ವಭಾವ. ಅದಕ್ಕೆ ಏನನ್ನೂ ಮಾಡಬೇಕಾಗಿಲ್ಲ.

ಜಾಗವೇ ಒಗ್ಗದ ಪ್ರಸಂಗಗಳೂ ಇವೆ. ಆಳದವರೆಗೆ ಸುಣ್ಣಕಲ್ಲಿನ ಎರೆಮಣ್ಣಿದ್ದು, ನೀರೂ ಗಡಸಾಗಿದ್ದರೆ, ಪ್ರತಿ ತಿಂಗಳು ಅನ್ನಭೇದಿ ಸಿಂಪಡಿಸುತ್ತ ಹಾಸನ್ನು ಉಳಿಸುವ ಪ್ರಯತ್ನವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅಂಥ ನೆಲಕ್ಕೆ ಬೇರೊಂದು ಹೊದಿಕೆ ಗಿಡವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಹಾಗೆ ತೆಗೆಯುವಾಗ ಮೇಲಿನ ಹಂಬನ್ನು ಎಳೆದು ಬಿಸಾಡಿದರೆ ಕೆಲಸ ಮುಗಿಯುವುದಿಲ್ಲ. ಕಾಯಿಗಳು ಬಹುತೇಕ ಮೇಲಿನ 10 ಸೆಂ.ಮೀ. ಮಣ್ಣಿನೊಳಗೆ ಇರುವುದರಿಂದ ಅಷ್ಟು ಮಣ್ಣನ್ನು ಸಡಿಲಿಸಿ ಜರಡಿ ಹಿಡಿಯಬೇಕು, ಮತ್ತು ಮುಂದಿನ ಮಳೆಗೆ ಏಳುವ ನಾಲ್ಕೆಲೆಯ ಸಸಿಗಳನ್ನು ಹಂಬು ಚಾಚುವ ಮೊದಲೇ ಕಿತ್ತುಬಿಡಬೇಕು.